ಫ್ರೆಂಡ್‌ಶಿಪ್ ಶಿಖರಕ್ಕೆ ಯಾದಗಿರಿ ಕೋಟೆಯ ಅಭ್ಯಾಸ ಸಾಕೇ?

ಯಾದಗಿರಿ ಕೋಟೆಯನ್ನು ಎಲ್ಲಿಯೂ ನಿಲ್ಲದೆ ಹತ್ತುತ್ತೇನೆ, ಮನಾಲಿ ಬಳಿಯ 5,289 ಮೀಟರ್ ಎತ್ತರದ ಫ್ರೆಂಡ್‌ಶಿಪ್ ಶಿಖರಕ್ಕೆ ಇಷ್ಟು ಸಾಕೇ ಎಂದು ಕೇಳಿದ್ದೀರಿ. ಕಾಲಿಗೆ ಒಳ್ಳೆಯದು, ಉಸಿರಿಗೆ ಸಾಲದು. ನಮ್ಮ ಬಿಸಿಲಲ್ಲಿ ಎಷ್ಟು ಬೆವರಿದರೂ ಎತ್ತರದ, ಆಮ್ಲಜನಕ ಕಡಿಮೆಯಿರುವ ತೆಳುಗಾಳಿ ಒಗ್ಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ನಡಿಗೆ ತೂರಾಡತೊಡಗಿದರೆ ದಯವಿಟ್ಟು ಕೂಡಲೇ ಕೆಳಗಿಳಿಯಿರಿ, ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಂದು ಮಾತು. ಕೋಟೆಯ ಹಾಸುಬಂಡೆ ಅಲುಗುವುದಿಲ್ಲ. ಹಿಮನದಿ ತಂದು ಸುರಿದ ಕಲ್ಲುರಾಶಿಯಲ್ಲಿ ದೊಡ್ಡ ಬಂಡೆಯೂ ಕೈಯಿಟ್ಟರೆ ಹೊರಳೀತು. ತಟ್ಟಿ, ಜಗ್ಗಿ ನೋಡಿದ ಮೇಲೆಯೇ ಭಾರ ಹಾಕಿ. ಆ ರೂಢಿಯನ್ನು ಶಹಾಪುರದ ಬುದ್ಧ ಮಲಗಿದ ಬೆಟ್ಟದ ಕಡೆ ಈಗಲೇ ಮಾಡಿಕೊಳ್ಳಿ. ಫ್ರೆಂಡ್‌ಶಿಪ್ ಶಿಖರದ ಹಾದಿಯಲ್ಲಿ ಹಿಮದಡಿ ಬಿರುಕುಗಳು ಅಡಗಿರುತ್ತವೆ. ಹಗ್ಗ ಮತ್ತು ಅನುಭವಿ ಮಾರ್ಗದರ್ಶಿ ಇಲ್ಲದೆ ಅಲ್ಲಿಗೆ ಹೋಗಲೇಬೇಡಿ.