ಹಿಂದಿನ ಚಕ್ರ ಜಾಡಿಗೆ ಕೂರ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನನ್ನ ಹತ್ತಿರ 2013ರ ಮಹೀಂದ್ರಾ ಥಾರ್ ಇದೆ, ಡೀಸೆಲ್ ಎಂಜಿನ್ನಿನ ಸಿಆರ್‌ಡಿಇ, ಫೋರ್ ವೀಲ್ ಡ್ರೈವ್. ನಮ್ಮದು ದಾವಣಗೆರೆ ಪಕ್ಕದ ಎರೆ ಹೊಲ, ಮೆಕ್ಕೆಜೋಳ ಹಾಕ್ತೀವಿ. ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ಹೋಗಿ ಇಳಿದು ನೋಡಿದರೆ ಮುಂದಿನ ಚಕ್ರದ ಜಾಡಿಗೆ ಹಿಂದಿನದು ಸರಿಯಾಗಿ ಕೂತಿರಲ್ಲ, ಒಳಮಗ್ಗುಲಲ್ಲಿ ಇನ್ನೊಂದು ಮೆಟ್ಟಿಲು ಕೊರೆದಿರುತ್ತೆ. ಒಬ್ಬರು ಆಕ್ಸಲ್ (ಎರಡು ಚಕ್ರ ಕೂರುವ ಅಚ್ಚು) ಬೆಂಡ್ ಆಗಿದೆ ಅಂತಾರೆ. ಇನ್ನೊಬ್ಬರು ಹಿಂದೆ 50 ಎಂಎಂ ಸ್ಪೇಸರ್ (ಚಕ್ರ ಹೊರಗೆ ಬರಲಿ ಅಂತ ಅದರ ಹಿಂದೆ ಕೂರಿಸುವ ದಪ್ಪ ಬಿಲ್ಲೆ) ಹಾಕಿಸಿಬಿಡು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಒಂದು ಟೇಪು ತಗೊಳ್ಳಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸ್ಟೇರಿಂಗ್ ನೇರ ಇರಲಿ. ಮುಂದೆ ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಒಳ ಅಂಚಿಗೆ ಅಳೆಯಿರಿ. ಎರಡೂ ಒಂದೇ ಸೈಜಿನ ಟೈರ್ ಆಗಿದ್ದರೆ ಅದೇ ನಿಮ್ಮ ಟ್ರ್ಯಾಕ್ ಅಗಲ, ಅಂದರೆ ಎಡ ಟೈರಿನ ನಡುಮಧ್ಯದಿಂದ ಬಲ ಟೈರಿನ ನಡುಮಧ್ಯಕ್ಕಿರುವ ಅಂತರ. ಹೀಗೆ ಅಳೆದರೆ ನಡುಮಧ್ಯ ಹುಡುಕೋ ತಾಪತ್ರಯ ಇಲ್ಲ. ಹಿಂದೆಯೂ ಹಾಗೇ ಅಳೆಯಿರಿ.

ನಿಮ್ಮ ಗಾಡಿಗೆ ಕಂಪನಿ ಕೊಟ್ಟ ಅಳತೆ ಮುಂದೆ 1445 ಮಿ.ಮೀ., ಹಿಂದೆ 1346 ಮಿ.ಮೀ. ಅಂದರೆ 99 ಮಿ.ಮೀ. ವ್ಯತ್ಯಾಸ, ಒಂದು ಪಕ್ಕಕ್ಕೆ ಹತ್ತಿರ ಹತ್ತಿರ 5 ಸೆಂ.ಮೀ. ಆ ಥಾರ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಹಳೇ ಜೀಪಿನ ಹಾಗೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್. ಎರಡರ ಅಗಲ ಬೇರೆ ಬೇರೆ. ನೀವು ನೋಡಿದ ಆ ಮೆಟ್ಟಿಲು ಇಲ್ಲಿಂದಲೇ ಬಂದಿರೋದು, ಗಾಡಿ ಕೆಟ್ಟಿದೆ ಅಂತ ಅರ್ಥ ಅಲ್ಲ.

ಆದರೆ ಒಂದು ವಿಷಯ ಗಮನಿಸಿ. ಎಡಕ್ಕೂ ಬಲಕ್ಕೂ ಮೆಟ್ಟಿಲು ಒಂದೇ ಅಗಲ ಇದೆಯಾ? ಇದ್ದರೆ ಚಿಂತೆ ಇಲ್ಲ. ಒಂದು ಪಕ್ಕ ಮೂರು ಬೆರಳು, ಇನ್ನೊಂದು ಪಕ್ಕ ಏನೂ ಇಲ್ಲ ಅನ್ನೋ ಹಾಗಿದ್ದರೆ ಗಾಡಿ ಓರೆಯಾಗಿ ಓಡ್ತಿದೆ. ಆಗ ಹಿಂದಿನ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಮುರಿದಿದೆಯಾ, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲ ಆಗಿದೆಯಾ ಅಂತ ಅವತ್ತೇ ನೋಡಿಸಿ. ಇದನ್ನು ಮುಂದೂಡಬೇಡಿ.

ಇನ್ನು ಕೆಸರಿನ ಮಾತು. ಮುಂದಿನ ಚಕ್ರ ಮಣ್ಣನ್ನು ತುಳಿದು, ಪಕ್ಕಕ್ಕೆ ತಳ್ಳಿ ದಾರಿ ಮಾಡುತ್ತೆ. ಹಿಂದಿನದು ಅದೇ ದಾರಿಯಲ್ಲಿ ಬಂದರೆ ಸಲೀಸು. ನಿಮ್ಮ ಟೈರ್ 235 ಮಿ.ಮೀ. ಸೈಜಿನದು, ಅದರಲ್ಲಿ ಸುಮಾರು ಐದರಲ್ಲೊಂದು ಭಾಗ ಮಾತ್ರ ಹೊಸ ಮಣ್ಣಿಗೆ ಬೀಳುತ್ತೆ, ಮಿಕ್ಕಿದ್ದು ಹಳೇ ಜಾಡಿನಲ್ಲೇ ಇರುತ್ತೆ. ಅಷ್ಟಕ್ಕೇ ಗಾಡಿ ಹೂತುಹೋಗಲ್ಲ, ಎಂಜಿನ್ನಿಗೆ ಸ್ವಲ್ಪ ಭಾರ ಜಾಸ್ತಿ ಅಷ್ಟೆ. ಎರೆ ಮಣ್ಣಿನಲ್ಲಿ ನಿಜವಾದ ತೊಂದರೆ ಅದು ಟೈರಿನ ಹಲ್ಲುಗಳ ಸಂದಿಗೆ ಮೆತ್ತಿಕೊಂಡು ಟೈರನ್ನೇ ನುಣ್ಣಗೆ ಮಾಡಿಬಿಡೋದು. ಟ್ರ್ಯಾಕ್ ಅಗಲ ಸರಿ ಮಾಡಿದರೂ ಆ ತೊಂದರೆ ಹೋಗಲ್ಲ. ಮಡ್ ಟೈರ್ ಹಾಕಿ, ಮೆತ್ತನೆ ಜಾಗದಲ್ಲಿ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನಕ್ಕೆ ಓಡಿಸಿ, ಟಾರ್ ರೋಡಿಗೆ ಬರೋ ಮುಂಚೆ ಮತ್ತೆ ತುಂಬಿಸಿ. ಸ್ಪೇಸರ್‌ಗಿಂತ ಇದು ಎಷ್ಟೋ ಪಾಲು ಕೆಲಸಕ್ಕೆ ಬರುತ್ತೆ.

ಈ ತೊಂದರೆ ನಿಮ್ಮೊಬ್ಬರದೇ ಅಂತ ಅಂದುಕೊಳ್ಳಬೇಡಿ. ಟೊಯೋಟಾದವರು ಲ್ಯಾಂಡ್ ಕ್ರೂಸರ್ 70 ಸಾಲಿನ ಗಾಡಿಗಳಿಗೆ 2007ರಲ್ಲಿ ವಿ8 ಡೀಸೆಲ್ ಎಂಜಿನ್ ಕೂರಿಸಿದಾಗ ಮುಂಭಾಗ ಅಗಲ ಮಾಡಿದರು, ಹಿಂದಿನ ಆಕ್ಸಲ್ ಮಾತ್ರ 95 ಮಿ.ಮೀ. ಕಿರಿದಾಗೇ ಉಳೀತು. ಆಸ್ಟ್ರೇಲಿಯಾದ ಮರಳಿನಲ್ಲಿ ಓಡಿಸುವವರು ಇದೇ ದೂರು ಹೇಳ್ತಾರೆ, ಅಲ್ಲಿ ಹಿಂದಿನ ಆಕ್ಸಲ್ ಅಗಲ ಮಾಡಿಕೊಡುವುದೇ ಒಂದು ವ್ಯಾಪಾರ ಆಗಿದೆ. ಹಾಗಿದ್ದೂ ಏನೂ ಮಾಡಿಸದೆ ಆ ಗಾಡಿಯಲ್ಲಿ ಮರುಭೂಮಿ ಸುತ್ತುವವರು ಬೇಕಾದಷ್ಟು ಜನ ಇದ್ದಾರೆ.

ತಿರುವಿನಲ್ಲಂತೂ ಈ 5 ಸೆಂ.ಮೀ. ಲೆಕ್ಕಕ್ಕೇ ಇಲ್ಲ. ನಿಮ್ಮ ಗಾಡಿಯ ವೀಲ್‌ಬೇಸ್ (ಮುಂದಿನ ಆಕ್ಸಲ್ಲಿನಿಂದ ಹಿಂದಿನ ಆಕ್ಸಲ್ಲಿಗೆ ಇರುವ ದೂರ) 2430 ಮಿ.ಮೀ. ಮುಂದಿನ ಆಕ್ಸಲ್ಲಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು ಅದಕ್ಕಿಂತ 60 ಸೆಂ.ಮೀ.ಗೂ ಜಾಸ್ತಿ ಒಳಗೆ ಹಾಯುತ್ತೆ, ಆಕ್ಸಲ್ ಎಷ್ಟೇ ಅಗಲ ಇರಲಿ. ಬದುವಿನ ಮೂಲೆಯಲ್ಲಿ ತಿರುಗಿಸಿ ಜಾಡು ನೋಡಿ, ಕಣ್ಣಿಗೇ ಕಾಣುತ್ತೆ.

50 ಎಂಎಂ ಸ್ಪೇಸರ್ ಬೇಡವೇ ಬೇಡ ಅಂತೀನಿ. ಚಕ್ರ ಅಷ್ಟು ಹೊರಗೆ ಹೋದರೆ ಬೇರಿಂಗ್ ಮೇಲೆ ಸನ್ನೆಗೋಲು ಹಾಕಿ ಮೀಟಿದ ಹಾಗೆ. ಕಡಿಮೆ ಬೆಲೆಯ ಎರಕದ ಸ್ಪೇಸರ್ ಹಾಕಿಸಿದ್ದ ಒಂದು ಜೀಪು ನಮ್ಮ ಶೆಡ್ಡಿಗೆ ಬಂದಿತ್ತು. ಚಕ್ರ ಬಿಚ್ಚಿದಾಗ ಚಕ್ರ ಹಿಡಿಯುವ ಐದು ಸ್ಟಡ್ ಬೋಲ್ಟುಗಳಲ್ಲಿ ಎರಡು ತುಂಡಾಗಿದ್ದವು, ಮುರಿದ ಜಾಗದಲ್ಲಿ ಅರ್ಧ ತುಕ್ಕು, ಅರ್ಧ ಹೊಳಪು. ಅಂದರೆ ಅವು ಬಿರುಕು ಬಿಟ್ಟು ಎಷ್ಟೋ ದಿನ ಆಗಿತ್ತು, ಆ ಮನೆಯವರು ಅದರಲ್ಲೇ ಮಕ್ಕಳನ್ನು ಕೂರಿಸಿಕೊಂಡು ಓಡಾಡ್ತಿದ್ದರು. ನನಗೆ ಈಗಲೂ ಅದು ನೆನಪಾಗುತ್ತೆ.

ಪ್ರಶ್ನೆ: ನಾನು ಚಿತ್ರದುರ್ಗದವನು. ನನ್ನ ಹಳೇ ಜೀಪಿಗೆ ಗುಜರಿಯಲ್ಲಿ ಒಂದು ಮುಂದಿನ ಆಕ್ಸಲ್ ಸಿಕ್ಕಿದೆ, ನನ್ನದಕ್ಕಿಂತ 3 ಇಂಚು ಅಗಲ. ಹಾಕಿದರೆ ಮುಂದೆ ಅಗಲ, ಹಿಂದೆ ಕಿರಿದು ಆಗುತ್ತೆ. ಬಂಡೆ ಮೇಲೆ ಹತ್ತಿಸಲು ಇದು ಸರಿ ಹೋಗುತ್ತಾ?

ಉತ್ತರ: ಅಗಲದ ಮಟ್ಟಿಗೆ ಸರಿ ಹೋಗುತ್ತೆ. ಬೇರೆ ಬೇರೆ ಇರಲೇಬೇಕು ಅಂದರೆ ಮುಂದೆ ಅಗಲ ಇರೋದೇ ಒಳ್ಳೇದು. ನೀವು ಮುಂದಿನ ಟೈರನ್ನು ನೋಡಿಕೊಂಡು ಬಂಡೆ ಪಕ್ಕ ಹಾಯ್ತೀರಿ, ಅದು ಪಾರಾದರೆ ನೇರ ದಾರಿಯಲ್ಲಿ ಹಿಂದಿನದೂ ಪಾರಾಗುತ್ತೆ. ಹಿಂದೆ ಅಗಲ ಇದ್ದರೆ ಕಾಣದ ಕಡೆ ಟೈರಿನ ಪಕ್ಕೆ ಹೋಗಿ ಕಲ್ಲಿಗೆ ಉಜ್ಜುತ್ತೆ. ದುರ್ಗದ ಕಲ್ಲು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಓರೆ ಇಳಿಜಾರಿನಲ್ಲಿ ಅಗಲದ ಮುಂಭಾಗ ನಂಬಿ ಧೈರ್ಯ ಮಾಡಬೇಡಿ, ಹಿಂಭಾಗ ಇನ್ನೂ ಕಿರಿದೇ ಇದೆ.

ಅಗಲಕ್ಕಿಂತ ದೊಡ್ಡ ಪ್ರಶ್ನೆಯನ್ನು ನೀವು ಕೇಳಿಲ್ಲ. ಎರಡೂ ಡಿಫರೆನ್ಷಿಯಲ್ಲಿನ (ಆಕ್ಸಲ್ ನಡುವಿನ ಗೇರಿನ ಗುಂಡು) ರೇಷಿಯೊ, ಅಂದರೆ ದೊಡ್ಡ ಹಲ್ಲುಚಕ್ರದ ಹಲ್ಲನ್ನು ಚಿಕ್ಕದರ ಹಲ್ಲಿನಿಂದ ಭಾಗಿಸಿದ ಲೆಕ್ಕ, ಒಂದೇನಾ? ಕವರ್ ಬಿಚ್ಚಿ ಹಲ್ಲು ಎಣಿಸಿ. ಕ್ರೌನ್ ವೀಲಿಗೆ (ದೊಡ್ಡದು) 43, ಪಿನಿಯನ್ನಿಗೆ (ಚಿಕ್ಕದು) 8 ಇದ್ದರೆ 5.38. 39 ಮತ್ತು 8 ಇದ್ದರೆ 4.88. ಮುಂದೆ ಒಂದು, ಹಿಂದೆ ಇನ್ನೊಂದು ಇಟ್ಟು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ, ಗಟ್ಟಿ ನೆಲದ ಮೇಲೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಗೇರ್ ಪೆಟ್ಟಿಗೆ) ಸೀಳಿಹೋಗಬಹುದು. ಸ್ಪ್ರಿಂಗ್ ಕೂರುವ ಪ್ಯಾಡುಗಳ ಅಂತರವನ್ನೂ ಅಳೆದು ನೋಡಿ. ರೇಷಿಯೊ ಬೇರೆ ಇದ್ದರೆ ಆ ಆಕ್ಸಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ವಾಪಸ್ ಕೊಡಿ.

ಜೋಗಿಮಟ್ಟಿ ಕಡೆ ಜೀಪು ಇಳಿಸಬೇಡಿ, ಅದು ವನ್ಯಧಾಮ. ಸ್ವಂತ ಜಮೀನಿನಲ್ಲೋ, ಒಪ್ಪಿಗೆ ಕೊಟ್ಟವರ ಜಾಗದಲ್ಲೋ ಓಡಿಸಿ.

ಪ್ರಶ್ನೆ: ಅಗಲದ ಆಕ್ಸಲ್ ಹಾಕಿಸಿದರೆ ಆರ್‌ಟಿಓದವರು ಹಿಡೀತಾರಾ?

ಉತ್ತರ: ಹಿಡಿಯಬಹುದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆ ಆಗುವಂಥ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರೂ ಇದನ್ನೇ ಕೇಳ್ತಾರೆ. ಹಾಗಾಗಿ ಅಂಥ ಗಾಡಿ ರೋಡಿಗೆ ಬೇಡ.

ಪ್ರಶ್ನೆ: ನನ್ನದು ಜಿಪ್ಸಿ ಕಿಂಗ್. ಇದರಲ್ಲೂ ಹಿಂದೆ ಮುಂದೆ ವ್ಯತ್ಯಾಸ ಇದೆಯಾ?

ಉತ್ತರ: ಇದೆ, ಮುಂದೆ 1300, ಹಿಂದೆ 1310 ಮಿ.ಮೀ. ಒಂದು ಪಕ್ಕಕ್ಕೆ 5 ಮಿ.ಮೀ. ಅದಕ್ಕೆ ಏನೂ ಮಾಡಿಸಬೇಡಿ.