ರ‍್ಯಾಂಚ್‌ನಲ್ಲಿ (ದನ ಸಾಕುವ ದೊಡ್ಡ ಜಮೀನಿನಲ್ಲಿ) ನಡೆಯುವ ಗೇ ಕೌಬಾಯ್ ಪ್ರೇಮಕಥೆಗಳು ಬರೀ ಕಲ್ಪನೆಯಾ?

ಖಂಡಿತ ಅಲ್ಲ. ಅಮೆರಿಕದಲ್ಲಿ ಗೇ ಕೌಬಾಯ್‌ಗಳು ನಿಜವಾಗಿಯೂ ಇದ್ದಾರೆ. ನೆವಾಡಾದ ರೀನೋದಲ್ಲಿ 1976ರಲ್ಲೇ ಗೇ ರೋಡಿಯೋ (ಕುದುರೆ ಸವಾರಿ, ದನ ಹಿಡಿಯುವಂಥ ಕೌಬಾಯ್ ಸ್ಪರ್ಧೆ) ನಡೆದಿತ್ತು.

ರ‍್ಯಾಂಚ್ ಈ ಕಥೆಗಳಿಗೆ ಯಾಕೆ ಇಷ್ಟು ಹೊಂದುತ್ತೆ ಅಂದ್ರೆ, ಅಲ್ಲಿನ ಕೆಲಸವೇ ಇಬ್ಬರನ್ನು ಹತ್ತಿರ ತರುತ್ತದೆ. ಹಸುಗಳು ಕರು ಹಾಕುವ ಕಾಲವನ್ನೇ ನೋಡಿ. ಚಳಿಗಾಲದ ಕೊನೆ, ಹೊರಗೆ ಹಿಮ. ನಡುರಾತ್ರಿ ಟಾರ್ಚ್ ಹಿಡಿದು ಮಂದೆ ನೋಡಬೇಕು. ಕರು ಸಿಕ್ಕಿಕೊಂಡರೆ ಅದರ ಮುಂಗಾಲಿಗೆ ಸರಪಳಿ ಹಾಕಿ ಇಬ್ಬರೂ ಸೇರಿ ಎಳೆಯಬೇಕು. ಜಾಸ್ತಿ ಮಾತಿರಲ್ಲ. ಒಬ್ಬನ ಕೈಕೆಲಸ ನೋಡಿಯೇ ಇನ್ನೊಬ್ಬನಿಗೆ ನಂಬಿಕೆ ಹುಟ್ಟುತ್ತದೆ. ಒಳ್ಳೆಯ ಲೇಖಕರು ಪ್ರೀತಿಯನ್ನು ಅಲ್ಲಿಂದಲೇ ಬೆಳೆಸುತ್ತಾರೆ. ಸುಮ್ನೆ ಟೋಪಿ, ಬೂಟು ತೋರಿಸುವ ಕಥೆ ನನಗೆ ಹಿಡಿಸುವುದಿಲ್ಲ.

ಇನ್ನೊಂದು, ಭಯ. ಅಮೆರಿಕದ ಲೇಖಕಿ ಆನಿ ಪ್ರೂ ಅವರ ‘ಬ್ರೋಕ್‌ಬ್ಯಾಕ್ ಮೌಂಟನ್’ ಕಥೆ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಜ್ಯಾಕ್ ಮತ್ತು ಎನಿಸ್ ಪ್ರೇಮಿಗಳು. ಜ್ಯಾಕ್‌ಗೆ ಇಬ್ಬರೂ ಸೇರಿ ರ‍್ಯಾಂಚ್ ನಡೆಸುವ ಆಸೆ. ಎನಿಸ್ ಒಪ್ಪುವುದಿಲ್ಲ. ಹಾಗೆ ಬದುಕಿದವನೊಬ್ಬನ ಹೆಣವನ್ನು ಅವನು ಚಿಕ್ಕವನಿದ್ದಾಗಲೇ ನೋಡಿದ್ದ. ಈ ಭಯ ಸುಳ್ಳಲ್ಲ, ಅಲ್ವಾ? ಕಥೆ ನಡೆಯುವ ವಯೋಮಿಂಗ್ ರಾಜ್ಯದಲ್ಲೇ, 1998ರಲ್ಲಿ, ಮ್ಯಾಥ್ಯೂ ಶೆಪರ್ಡ್ ಎಂಬ ಗೇ ವಿದ್ಯಾರ್ಥಿಯನ್ನು ಹೊಡೆದು ಬೇಲಿಗೆ ಕಟ್ಟಿ ಹೋದರು. ಅವನು ಉಳಿಯಲಿಲ್ಲ.

ಈಗಿನ ರೊಮ್ಯಾನ್ಸ್ ಕಾದಂಬರಿಗಳಲ್ಲಿ ಸುಖಾಂತ್ಯವೇ ಜಾಸ್ತಿ. ಆದರೂ ಮೊದಲು ಪ್ರೂ ಅವರ ಕಥೆ ಓದಿ, ಆಮೇಲೆ ಇವನ್ನು ಹಿಡಿಯಿರಿ.