ಎತ್ತರ 5 ಅಡಿ 4 ಇಂಚು. ಹೈಜಂಪ್‌ನಲ್ಲಿ ಇಂಡಿಯಾ ಪರ ಆಡಲು ಪಿಯುಸಿ ಬಿಟ್ಟು ಕೊಡಗಿನಿಂದ ಬೆಂಗಳೂರಿಗೆ ಹೋಗಲಾ?

ತಂಗೀ, ನಾನೂ 5 ಅಡಿ 4 ಇಂಚೇ. ಊರು ಗೋಣಿಕೊಪ್ಪದ ಹತ್ತಿರ. ಗೋಣಿಚೀಲಕ್ಕೆ ಗದ್ದೆಯ ಹುಲ್ಲು ತುಂಬಿ, ಅದರ ಮೇಲೆ ಬೀಳುತ್ತಾ ಹಾರೋದು ಕಲಿತೆ. 'ಹಾಕಿ ಸ್ಟಿಕ್ ಹಿಡಿಯೋದು ಬಿಟ್ಟು ಇದೇನು ಕೋಲು ದಾಟೋದು' ಅಂತ ಚಿಕ್ಕಪ್ಪ ಬೈಯುತ್ತಿದ್ದರು. ನಮ್ಮ ಕಡೆ ಹಾಕಿ ಬಿಟ್ಟು ಬೇರೆ ಆಟ ಆಡಿದರೆ ಅಷ್ಟೇ ಅಲ್ವಾ.

ಪಿಯುಸಿ ಎರಡನೇ ವರ್ಷಕ್ಕೆ 1.64 ಮೀಟರ್ ಹಾರಿದ್ದೆ. ರಾಜ್ಯ ತಂಡದ ಆಯ್ಕೆಗೆ ಹೋದೆ. ಶುರುವಿನ ಎತ್ತರ 1.50. ಅದನ್ನೇ ಮೂರು ಸಲ ಬೀಳಿಸಿ ಹೊರಗೆ ಬಂದೆ.

ಆಗಿದ್ದು ಇಷ್ಟು. ಹಿಂದಿನ ದಿನ ಮಳೆಗೆ ನನ್ನ ಸ್ಪೈಕ್ಸ್, ಅದೇ ಅಡಿಗೆ ಮೊಳೆ ಇರೋ ಶೂ, ನೆನೆದು ಹಿಂಡುವ ಹಾಗಾಗಿತ್ತು. ಗೆಳತಿಯದು ತೊಟ್ಟೆ, ಒಂದು ಸೈಜ್ ದೊಡ್ಡದು. ದಪ್ಪ ಸಾಕ್ಸ್ ಹಾಕಿದ ಮೇಲೆ ಕಾಲಿಗೆ ಸರಿಯಾಗೇ ಕೂತಿತು. ಆದರೆ ನಾನು ರನ್-ಅಪ್ ಅಳೆಯುತ್ತಿದ್ದದ್ದು ಪಾದಕ್ಕೆ ಪಾದ ಜೋಡಿಸಿ. ಕಂಬದಿಂದ ಹಿಂದಕ್ಕೆ 48 ಪಾದ, ಅಲ್ಲೊಂದು ಗುರುತು. ಒಂದು ಸೈಜ್ ಅಂದರೆ ಸುಮಾರು 8 ಮಿಲಿಮೀಟರ್. 48ರಿಂದ ಗುಣಿಸು: 38 ಸೆಂಟಿಮೀಟರ್! ಅಷ್ಟು ಹಿಂದಿನಿಂದ ಓಡಿದರೆ ಅಷ್ಟೇ ಹಿಂದೆ ನೆಲ ಬಿಡುತ್ತೀಯ. ಬಾರ್‌ಗಿಂತ ಮುಂಚೆಯೇ ಪೂರ್ತಿ ಮೇಲಕ್ಕೆ ಹೋಗಿ, ಇಳಿಯುವಾಗ ಸೊಂಟ ಸೀದಾ ಬಾರ್ ಮೇಲೆ. ಮೊದಲನೇ ಸಲ ಹಾಗೇ ಆಯಿತು. ನಾನೋ, ವೇಗ ಸಾಲಲಿಲ್ಲ ಅಂದುಕೊಂಡು ಎರಡನೇ ಸಲ ಜೋರಾಗಿ ಓಡಿದೆ. ಕೊನೆಯ ನಾಲ್ಕೈದು ಹೆಜ್ಜೆ ಕಮಾನಿನ ಹಾಗೆ ತಿರುಗುತ್ತಾ ಓಡಬೇಕಲ್ಲ, ಅಲ್ಲಿ ವೇಗ ಜಾಸ್ತಿಯಾಗಿ ತಿರುವೇ ಕೈತಪ್ಪಿತು. ಮೂರನೇ ಸಲ ಹೆದರಿಕೆ, ಅಷ್ಟೇ. ಗುರುತು ತಪ್ಪಿರಬಹುದು ಅಂತ ಒಮ್ಮೆಯೂ ಹೊಳೆಯಲಿಲ್ಲ, ನಾನೇ ಎರಡು ಸಲ ಎಣಿಸಿದ್ದೆನಲ್ಲ! ವಾಪಸ್ ಬರುವ ಬಸ್ಸಿನಲ್ಲಿ ಎರಡೂ ಶೂಗಳ ಅಡಿ ಅಡಿಗೆ ಒತ್ತಿ ಹಿಡಿದೆ. ನನ್ನದರ ತುದಿ ದಾಟಿ ಅವಳದು ಕಿರುಬೆರಳಿನ ಅಗಲ ಹೊರಗಿತ್ತು. ಆಮೇಲೆ ಇನ್ನೊಂದು ವರ್ಷ ಕಾಯೋಕೆ ಮನೆಯವರು ಬಿಡಲಿಲ್ಲ.

ಕುಳ್ಳಿ ಅನ್ನೋ ಚಿಂತೆ ಬಿಡು. ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್ 1.81 ಮೀಟರ್ ಇದ್ದರು, 2.40 ಹಾರಿದರು, 2004ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಎತ್ತರ ಇದ್ದವರಿಗೆ ಅನುಕೂಲ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಅದು ನಿನ್ನ ಕೈಯಲ್ಲಿಲ್ಲ.

ಇನ್ನು ಬೆಂಗಳೂರು. ನೀನು ಹಾರಿರುವುದು 1.48 ಅಂತ ಬರೆದಿದ್ದೀಯ. ಮಂಗಳೂರು ಕಡೆಯ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ನಡುವೆ 44 ಸೆಂಟಿಮೀಟರ್ ಇದೆ. ಅದಕ್ಕಾಗಿ ಈಗಲೇ ಪಿಯುಸಿ ಬಿಡೋದು ನನ್ನ ಪ್ರಕಾರ ಸುಮ್ನೆ ದುಡುಕು. ಊರಲ್ಲೇ ಇದ್ದು ಮೊದಲು 1.60 ದಾಟು. ಪ್ರತಿ ಸಲ ಒಂದೇ ಜಾಗದಲ್ಲಿ ನೆಲ ಬಿಡುತ್ತಿದ್ದೀಯಾ ಅಂತ ಯಾರಾದರೂ ಪಕ್ಕದಲ್ಲಿ ನಿಂತು ನೋಡಲಿ. ಪಿಟಿ ಮಾಸ್ಟರ್ ಇಲ್ಲದಿದ್ದರೆ ತಮ್ಮನ ಕೈಗೆ ಮೊಬೈಲ್ ಕೊಡು.

ಮತ್ತೆ ಒಂದು ಅಳತೆ ಟೇಪ್ ತಗೋ. 30 ಮೀಟರಿನದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆಯದು ಮಾತ್ರ ಬೇಡ, ನಮ್ಮ ಜುಲೈ ಮಳೆಗೆ ಅದರ ಅಳತೆಯನ್ನೂ ನಂಬೋಕಾಗಲ್ಲ.